ಚಿಕ್ಕಪ್ಪನ ಚೈನ್ ಗಾಡಿ

ನಮ್ಮ ಚಿಕ್ಕಪ್ಪನ ಮುಂದೆ ಸಾಕ್ಷಾತ್ ದೇವರೇ ಬಂದು ನಿಂತಿದ್ದರೂ ಅವರು ವರ ಕೇಳುತ್ತಿರಲಿಲ್ಲ. ಮೊದಲು ಸ್ಕ್ರೂ ಎಲ್ಲಿದೆ ಅಂತ ಹುಡುಕುತ್ತಿದ್ದರು! ನಗಬೇಡಿ, ನಾನು ಕಣ್ಣಾರೆ ಕಂಡವಳು. ಮನೆಯ ಗಡಿಯಾರ, ರೇಡಿಯೋ, ನಮ್ಮಮ್ಮನ ಹೊಲಿಗೆ ಮಿಷನ್ನು, ಪಕ್ಕದ ಮನೆಯವರು ನಂಬಿ ಕೊಟ್ಟ ಟಾರ್ಚು, ಎಲ್ಲವೂ ಅವರ ಕೈಯಲ್ಲಿ ಒಮ್ಮೆ ಬಿಚ್ಚಿಕೊಂಡು ಮತ್ತೆ ಕೂಡಿಕೊಂಡಂಥವೇ. ಕೂಡಿಸಿದ ಮೇಲೆ ಪ್ರತಿ ಸಲವೂ ಒಂದು ಹಿಡಿ ಸಾಮಾನು ಮಿಕ್ಕುತ್ತಿತ್ತು. "ಇದೇನು ಚಿಕ್ಕಪ್ಪಾ?" ಅಂದರೆ, "ಕಂಪ್ನಿಯೋರು ಜಾಸ್ತಿ ಆಕ್ಬುಟ್ಟವ್ರೆ ಕಣವ್ವ, ನಾನು ಒಸಿ ತೂಕ ಇಳಿಸ್ದೆ" ಅನ್ನುತ್ತಿದ್ದರು. ಆಮೇಲೆ ಹೊಲಿಗೆ ಮಿಷನ್ನು ಹೊಲಿಯಲಿಲ್ಲವೇ? ಹೊಲಿಯಿತು ಸ್ವಾಮಿ, ಹಿಂದಕ್ಕೆ ಹೊಲಿಯಿತು!

ನಮ್ಮದು ಕೈಲಾಂಚದ ಕಡೆಯ ಊರು. ಒಂದೇ ಅಂಗಳಕ್ಕೆ ಎರಡು ಬಾಗಿಲು. ಒಂದು ನಮ್ಮದು, ಇನ್ನೊಂದು ಚಿಕ್ಕಪ್ಪನದು. ನಾನು ಆಗ ಬಸ್ಸು ಹತ್ತಿ ರಾಮನಗರಕ್ಕೆ ಟೈಪಿಂಗ್ ಕಲಿಯಲು ಹೋಗುತ್ತಿದ್ದೆ. ಉಳಿದ ಹೊತ್ತು ಚಿಕ್ಕಮ್ಮನ ಜೊತೆ ರೇಷ್ಮೆ ಹುಳದ ಚಾಕರಿ. ಚಿಕ್ಕಮ್ಮನ ಹುಳದ ಕೈ ಅಂದರೆ ಊರಿಗೇ ಹೆಸರು. ಬೇರೆಯವರ ಮನೆಯಲ್ಲಿ ಹುಳ ಕೆಟ್ಟರೂ ಅವರ ತಟ್ಟೆಯಲ್ಲಿ ಹುಳ ತಲೆಯೆತ್ತಿಕೊಂಡು ಓಡಾಡುತ್ತಿತ್ತು. ಆದರೆ ಸೊಪ್ಪು ಬರಬೇಕಾದದ್ದು ಹಳ್ಳದಾಚೆಯ ತೋಟದಿಂದ. ಗಾಡಿ ಇಳಿಯದ ದಾರಿ, ಬರುವಾಗ ಪೂರ್ತಿ ಏರು, ತಲೆಯ ಮೇಲೆ ಹಿಪ್ಪುನೇರಳೆ ಸೊಪ್ಪಿನ ಹೊರೆ. ಹುಳ ದೊಡ್ಡದಾದ ಮೇಲಂತೂ ಚಿಕ್ಕಮ್ಮ ಹೊರೆ ಇಳಿಸಿ ನೀರು ಕುಡಿಯುವಷ್ಟರಲ್ಲಿ ಮತ್ತೆ ಹೊರಡುವ ಹೊತ್ತಾಗಿರುತ್ತಿತ್ತು.

ಮನೆಯ ಹಿಂದೆಯೇ ಜಮೀನಿತ್ತು, ಇಲ್ಲವೆಂದಲ್ಲ. ಅದು ಕಲ್ಲುಬೋರೆ. ಅಲ್ಲಿ ನೇಗಿಲು ಹೂಡಿದರೆ ನೆಲ ಏಳುತ್ತಿರಲಿಲ್ಲ, ನೇಗಿಲು ಮುರಿಯುತ್ತಿತ್ತು. ಮದುವೆಯಾದ ಹೊಸದರಲ್ಲಿ ಚಿಕ್ಕಮ್ಮ ಏದುಸಿರು ಬಿಡುವುದನ್ನು ನೋಡಿ ಚಿಕ್ಕಪ್ಪ, "ಇರಮ್ಮಿ, ಮುಂದಿನ್ ವರ್ಸಕ್ಕೆ ಈ ಬೋರೆ ಎಬ್ಬಿಸಿ ಮನೆ ಇಂದೇನೇ ತೋಟ ಮಾಡ್ಕೊಡ್ತೀನಿ" ಅಂದಿದ್ದರಂತೆ. ಹೊಸ ಗಂಡ ಏನು ತಾನೇ ಅನ್ನುವುದಿಲ್ಲ! ಹೆಂಡತಿಯರು ಅದನ್ನು ಮರೆಯುತ್ತಾರೆ, ಗಂಡಂದಿರಂತೂ ಮರೆತೇ ಇರುತ್ತಾರೆ, ಸಂಸಾರ ನಡೆಯುತ್ತದೆ. ನಮ್ಮ ಚಿಕ್ಕಪ್ಪ ಮರೆಯಲಿಲ್ಲ. ತಾಪತ್ರಯ ಶುರುವಾದದ್ದೇ ಅಲ್ಲಿ.

ಒಂದು ಸಲ ಗೂಡು ಮಾರಲು ರಾಮನಗರಕ್ಕೆ ಹೋದವರು ಚಿಕ್ಕಮ್ಮನಿಗೆ ತಾಮ್ರದ ಹಂಡೆ ತರಬೇಕಿತ್ತು. ಅವರು ಬಂದರು, ಹಿಂದೆಯೇ ಒಂದು ಲಾರಿ ಬಂತು. ಲಾರಿಯಿಂದ ಇಳಿದದ್ದು ಟೈರಿನ ಬದಲು ಎರಡೂ ಕಡೆ ಕಬ್ಬಿಣದ ಚೈನು ಸುತ್ತಿದ್ದ, ಮುಂದೆ ಮಣ್ಣು ತಳ್ಳುವ ದೊಡ್ಡ ಹಲಗೆಯಿದ್ದ ಒಂದು ಮುದಿ ಟ್ರಾಕ್ಟರು! ಎಲ್ಲೋ ಕೆರೆ ಏರಿ ಕಟ್ಟುವ ಕೆಲಸ ಮುಗಿದ ಮೇಲೆ ಬೇಲಿ ಸಾಲಿನಲ್ಲಿ ತುಕ್ಕು ಹಿಡಿಯುತ್ತಾ ನಿಂತಿತ್ತಂತೆ. ಅದರ ಸೀಟಿನಲ್ಲಿ ಎಕ್ಕದ ಗಿಡ ಬೆಳೆದಿತ್ತು. ಹೂವೂ ಬಿಟ್ಟಿತ್ತು.

"ಹಂಡೆ ಎಲ್ಲಿ?" ಅಂದರು ಚಿಕ್ಕಮ್ಮ.

ಚಿಕ್ಕಪ್ಪ ಒಂದು ಗಳಿಗೆಯೂ ತಡವರಿಸದೆ ರೇಡಿಯೇಟರ್ ತೋರಿಸಿದರು. "ಇಕಾ, ಇದ್ರಾಗೆ ಎಲ್ಡು ಹಂಡೆ ನೀರು ಹಿಡಿತೈತೆ!"

ಚಿಕ್ಕಮ್ಮ ಆ ದಿನ ಒಲೆ ಹಚ್ಚಲಿಲ್ಲ. ನಮ್ಮಮ್ಮ ಎರಡೂ ಮನೆಗೆ ಮುದ್ದೆ ತೊಳಸಿದರು.

ಮಾರನೆಯ ಬೆಳಿಗ್ಗೆಯಿಂದ ಬಿಚ್ಚುವ ಕೆಲಸ. ಅಂಗಳದಲ್ಲಿ ರಂಗೋಲಿಗೆ ಜಾಗವಿಲ್ಲ, ಜಗಲಿಯಲ್ಲಿ ಕೂರಲು ಜಾಗವಿಲ್ಲ. ನೀರೊಲೆಯ ಪಕ್ಕದಲ್ಲಿ ಪಿಸ್ಟನ್ನು, ಬೂದುಗುಂಬಳದ ಸಾಲಿನಲ್ಲಿ ಫಿಲ್ಟರು. ಒಂದು ದಿನ ಚಿಕ್ಕಮ್ಮ ನೋಡಿದರೆ ಅವರ ಹುಳದ ತಟ್ಟೆಗಳಲ್ಲಿ ಬೋಲ್ಟು ನಟ್ಟುಗಳು ಸಾಲಾಗಿ ಮಲಗಿವೆ! ಸಣ್ಣವು ಒಂದು ತಟ್ಟೆಗೆ, ದೊಡ್ಡವು ಒಂದು ತಟ್ಟೆಗೆ, ಮೇಲೆ ಹಳೇ ಪೇಪರು ಬೇರೆ ಹೊದಿಸಿದ್ದಾರೆ.

"ಇವು ಯಾವಾಗ ಗೂಡು ಕಟ್ತವೆ ಯೋಳಿ, ಮಾರ್ಕೆಟ್ಟಿಗೆ ತಕ್ಕೊಂಡೋಗಾನ" ಅಂದರು ಚಿಕ್ಕಮ್ಮ.

"ಸುಮ್ಕಿರು, ಇನ್ನೂ ಎರಡನೇ ಜ್ವರಕ್ಕೆ ಕೂತವೆ" ಅಂದರು ಚಿಕ್ಕಪ್ಪ. ಹುಳ ಪೊರೆ ಬಿಡುವ ಮುಂಚೆ ಸೊಪ್ಪು ಬಿಟ್ಟು ಸುಮ್ಮನೆ ಕೂರುತ್ತದಲ್ಲ, ಅದಕ್ಕೆ ನಮ್ಮಲ್ಲಿ ಜ್ವರ ಅನ್ನುತ್ತಾರೆ.

ಜಗಳ ನಿಜವಾಗಿ ಹೊತ್ತಿಕೊಂಡದ್ದು ವಾಸನೆಯಿಂದ. ರೇಷ್ಮೆ ಹುಳದಷ್ಟು ನಾಜೂಕಿನ ಜೀವ ಇನ್ನೊಂದಿಲ್ಲ. ಬೀಡಿ ಸೇದಿ ಬಂದವರನ್ನೇ ಹುಳದ ಮನೆಗೆ ಬಿಡುವುದಿಲ್ಲ, ಇನ್ನು ಡೀಸೆಲ್ಲಿನಲ್ಲಿ ಮುಳುಗೆದ್ದ ಗಂಡನನ್ನು ಬಿಟ್ಟಾರೆಯೇ? ಹುಳ ಗೂಡು ಕಟ್ಟುವ ತನಕ ಚಿಕ್ಕಪ್ಪನಿಗೆ ಊಟ, ನಿದ್ದೆ, ಬೈಗುಳ ಎಲ್ಲ ಜಗಲಿಯ ಮೇಲೇ. ದಾರಿಯಲ್ಲಿ ಹೋಗುವವರು ಕೆಣಕುತ್ತಿದ್ದರು: "ಏನ್ಲಾ, ಮನೆಯಿಂದ ಆಚಿಕಾಕ್ಬುಟ್ರಾ?"

"ಇಲ್ಲ ಕಣ್ಲಾ, ಹುಳ ಹಣ್ಣಾಗಿ ಗೂಡು ಕಟ್ಲಿ, ನಂಗೂ ಒಳಿಕ್ಕೆ ಪರ್ಮಿಸನ್ ಸಿಕ್ತೈತೆ!"

ಚೈನಿನ ಕೆಳಗೆ ಉರುಳುವ ಒಂದು ರೋಲರ್ ಒಡೆದುಹೋಗಿತ್ತು. ಅಂಥದ್ದು ಎಲ್ಲಿಯೂ ಸಿಗಲಿಲ್ಲ. ಎರಕ ಹೊಯ್ಸಬೇಕಾದರೆ ಮೊದಲು ಮರದಲ್ಲಿ ಅದರ ಮಾದರಿ ಬೇಕು. ಚಿಕ್ಕಪ್ಪ ಚನ್ನಪಟ್ಟಣದಲ್ಲಿ ಗೊಂಬೆ ಮಾಡುವ ತಮ್ಮ ಸ್ನೇಹಿತನ ಬಳಿ ಹೋದರು. ಆತ ಅಳತೆ ತಪ್ಪದೆ ಕಡೆದುಕೊಟ್ಟ. ಆದರೆ ಅದಕ್ಕೆ ಕೆಂಪು, ಹಳದಿ, ಹಸಿರು ಅರಗಿನ ಪಟ್ಟೆ ಹಚ್ಚಿ ಮುಖ ಕಾಣುವಂತೆ ಹೊಳಪು ಕೊಟ್ಟುಬಿಟ್ಟಿದ್ದ!

"ಅಯ್ಯೋ ಮಾರಾಯ, ಇದು ಮಣ್ಣಲ್ಲಿ ಒತ್ತೋದು ಕಣೋ, ಬಣ್ಣ ಯಾಕೆ?"

"ಬಣ್ಣ ಇಲ್ದೆ ನಮ್ ಅಂಗ್ಡಿಯಿಂದ ಯಾವ್ದೂ ಆಚಿಕ್ ಓಗಿಲ್ಲ ಕಣಣ್ಣ. ಬೆತ್ಲೆ ಕಳ್ಸಕ್ಕೆ ಮನ್ಸು ಬರ್ನಿಲ್ಲ."

ಎರಕದವನು ರೋಲರ್ ಹೊಯ್ದುಕೊಟ್ಟ, ಮಾದರಿಯನ್ನು ಮಾತ್ರ ವಾಪಸು ಕೊಡಲಿಲ್ಲ. ಅವನ ಮೊಮ್ಮಗು ಅದನ್ನು ಮನೆ ತುಂಬ ಉರುಳಿಸಿಕೊಂಡು ಆಡುತ್ತಿತ್ತಂತೆ, ಕಿತ್ತುಕೊಳ್ಳಲು ಹೋದರೆ ಅಳುತ್ತಿತ್ತಂತೆ!

ನೀವು ಕೇಳಬಹುದು: ಇಷ್ಟೆಲ್ಲ ಸರ್ಕಸ್ಸಿನ ಬದಲು ಆ ಪುಣ್ಯಾತ್ಮ ಹೆಂಡತಿಯ ಹೊರೆಯನ್ನು ತಾನೇ ಹೊರಬಹುದಿತ್ತಲ್ಲ? ಹೊತ್ತರು! ನಾಲ್ಕಾರು ಸಲ ಹೊತ್ತರು. ದಾರಿಯಲ್ಲಿ ಯಾರದೋ ಪಂಪ್‌ಸೆಟ್ ಕೆಟ್ಟು ನಿಂತಿರುತ್ತಿತ್ತು. ಹೊರೆ ಬದುವಿನ ಮೇಲೆ, ಚಿಕ್ಕಪ್ಪ ಬಾವಿಯೊಳಗೆ. ಸಂಜೆಗೆ ಮನೆಗೆ ಬರುತ್ತಿದ್ದ ಸೊಪ್ಪನ್ನು ಹುಳ ಇರಲಿ, ಮೇಕೆಯೂ ಮೂಸುತ್ತಿರಲಿಲ್ಲ. ಚಿಕ್ಕಮ್ಮ ಕೈ ಮುಗಿದು, "ನಿಮ್ ಉಪ್ಕಾರ ಸಾಕು" ಅಂದರು. ಆಮೇಲೆ ನಾನೂ ಅವರೂ ಹೊತ್ತೆವು. ನಾನಂತೂ ಪ್ರತಿ ಹೆಜ್ಜೆಗೂ ಚಿಕ್ಕಪ್ಪನನ್ನು ಬೈದುಕೊಂಡೇ ಹೊತ್ತೆ.

ವರ್ಷಗಳು ಹೀಗೆ ಹೋದವು. ಒಂದು ಬೆಳಿಗ್ಗೆ ಚಿಕ್ಕಮ್ಮನಿಗೆ ಕತ್ತು ತಿರುಗಿಸಲು ಆಗಲಿಲ್ಲ. ರಾಮನಗರದ ಡಾಕ್ಟರು ನೋಡಿ, "ಇನ್ನು ತಲೆ ಮೇಲೆ ಹೊರೆ ಹೊತ್ತರೆ ಕೈಯಲ್ಲೂ ಶಕ್ತಿ ಹೋಗುತ್ತೆ ತಾಯಿ" ಅಂದರು. ಮನೆಗೆ ಬಂದು ಚಿಕ್ಕಮ್ಮ ಕೂಗಾಡಲಿಲ್ಲ. ಅದಕ್ಕೇ ನನಗೆ ಹೆದರಿಕೆಯಾದದ್ದು.

"ಈ ಬೆಳೆ ಆಗ್ಲಿ. ನಾನು ಹುಳ ಬುಟ್ಬುಡ್ತೀನಿ. ಗೌರಿ ಅಬ್ಬಕ್ಕೆ ಮುಂಚೆ ಗುಜರಿಯೋನ್ನ ಕರ್ದು ಇದ್ನ ಕತ್ತರ್ಸಿ ಕಳ್ಸಿ. ಅಂಗಳನಾದ್ರೂ ನಂಗೆ ಉಳೀಲಿ" ಅಂದರು. ಗೂಡು ಬಿಡಿಸಿ ಆದ ಮೇಲೆ ತಟ್ಟೆಗಳನ್ನು ತೊಳೆದು ಬಿಸಿಲಿಗೆ ಒಣಗಿಸಿ ಅಟ್ಟಕ್ಕೆ ಏರಿಸಿದರು. ನಾನು ಏಣಿ ಹಿಡಿದು ನಿಂತಿದ್ದೆ. ಮದುವೆಯಾಗಿ ಬಂದಂದಿನಿಂದ ಸಾಕಿದ ಹುಳವನ್ನು ಬಿಡುವುದೆಂದರೇನು? ಅವರ ಮುಖ ನೋಡಲಾಗದೆ ನಾನು ಏಣಿಯನ್ನೇ ನೋಡುತ್ತಿದ್ದೆ. ಮಾತಿನ ಮಲ್ಲ ಚಿಕ್ಕಪ್ಪ ಸ್ಪ್ಯಾನರ್ ಎತ್ತಿಕೊಂಡರು. ಸೀದಾ ಗಾಡಿಯ ಕೆಳಗೆ ತೂರಿಕೊಂಡರು. ಆಮೇಲೆ ಊಟಕ್ಕೆ ಕರೆದರೂ ಬರುತ್ತಿರಲಿಲ್ಲ. ಅವರು ಹಾಗೆ ಮಾತು ಬಿಟ್ಟು ಕೆಲಸ ಮಾಡಿದ್ದನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ.

ಗುಜರಿಯವನು ಬಂದು ಕಬ್ಬಿಣವನ್ನು ಬಡಿದು ನೋಡುತ್ತಿದ್ದಾಗಲೇ ಅದು ಸ್ಟಾರ್ಟ್ ಆಯಿತು! ಚಿಕ್ಕಪ್ಪ ಹ್ಯಾಂಡಲ್ ಹೊಡೆದರು, ಹೊಡೆದರು, ಇನ್ನೇನು ಕೈ ಬಿಡಬೇಕು, ಢಬ್ ಅಂತ ಒಂದು ಸದ್ದು, ಒಂದು ಬುಟ್ಟಿ ಕರಿ ಹೊಗೆ, ಆಮೇಲೆ ಢಗ ಢಗ ಢಗ! ಕೋಳಿಗಳು ಮಾಡು ಹತ್ತಿದವು. ಗುಜರಿಯವನು ಸೈಕಲ್ಲು ಬಿಟ್ಟು ಓಡಿದ. ಊರೆಲ್ಲ ಅಂಗಳಕ್ಕೆ ಬಂತು.

ಗಾಡಿ ಹೊರಟಿತು. ಅಂಗಳ ದಾಟಿ ಎಡಕ್ಕೆ ತಿರುಗಿದರೆ ನಮ್ಮ ಬೋರೆ. ಚಿಕ್ಕಪ್ಪ ಎಡಗಡೆಯ ಹಿಡಿ ಎಳೆದರು. ಗಾಡಿ ನೆಟ್ಟಗೆ ಹೋಯಿತು. ಮತ್ತೆ ಎಳೆದರು. ನೆಟ್ಟಗೇ ಹೋಯಿತು! ಅಂಥ ಗಾಡಿ ಯಾವ ಕಡೆಯ ಚೈನು ನಿಂತರೆ ಆ ಕಡೆಗೆ ತಿರುಗುವುದು. ಒಳಗೆ ಎಲ್ಲೋ ತುಕ್ಕು ಕಚ್ಚಿಕೊಂಡು ಎಡಗಡೆಯ ಚೈನು ನಿಲ್ಲುತ್ತಲೇ ಇರಲಿಲ್ಲ. ಬಲಗಡೆಯ ಹಿಡಿ ಎಳೆದರೆ ಮಾತ್ರ ಬಹಳ ವಿಧೇಯವಾಗಿ ಬಲಕ್ಕೆ ತಿರುಗುತ್ತಿತ್ತು.

"ಈಗೇನ್ ಮಾಡ್ತೀರಿ?" ಅಂತ ಚಿಕ್ಕಮ್ಮ ಕೂಗಿದರು.

"ಬಲಕ್ಕೆ ಮೂರು ದಪ ತಿರುಗಿದ್ರೆ ಎಡಕ್ಕೆ ತಿರುಗ್ದಂಗೇ ಅಲ್ವಾ!" ಅಂತ ಚಿಕ್ಕಪ್ಪ ಹೊಗೆಯೊಳಗಿಂದ ಕೂಗಿದರು.

ಹಾಗೆ ತಿರುಗಲು ಜಾಗವಿದ್ದದ್ದು ಮಾರಮ್ಮನ ಗುಡಿಯ ಸುತ್ತ ಮಾತ್ರ. ಗಾಡಿ ಗುಡಿಯನ್ನು ಬಲಗಡೆಗೆ ಇಟ್ಟುಕೊಂಡು ನಿಧಾನವಾಗಿ ಸುತ್ತತೊಡಗಿತು. ಊರಿನ ಹಿರಿಯರೊಬ್ಬರು ಕೈ ಮುಗಿದು, "ಎಲಾ ಇವ್ನ! ಗಾಡಿ ಕೈಲಿ ಪ್ರದಕ್ಷಿಣೆ ಆಕುಸ್ತಾವ್ನೆ! ಅರಕೆ ಒತ್ತಿದ್ಯೇನ್ಲಾ?" ಅಂದರು. ನಿಜ ಹೇಳಿದರೆ ಮಾನ ಹೋಗುತ್ತದೆ. "ಊಂ ಕಣಣ್ಣ, ಅರಕೆ!" ಅಂದುಬಿಟ್ಟರು ಚಿಕ್ಕಪ್ಪ. ತಗೊಳ್ಳಿ, ಪೂಜಾರಿ ಓಡಿಬಂದು ಕಾಯಿ ಒಡೆದ, ಹೆಂಗಸರು ಹಲಗೆಗೆ ಅರಿಶಿನ ಕುಂಕುಮ ಹಚ್ಚಿದರು, ಆರತಿಯೂ ಆಯಿತು. ಎಂಥ ಕೆಟ್ಟ ಗಾಡಿಯಾದರೂ ಬಲಕ್ಕೆ ಕೆಟ್ಟರೆ ನಮ್ಮೂರಲ್ಲಿ ಮರ್ಯಾದೆ ಉಂಟು!

ಅಂತೂ ಬೋರೆ ಸೇರಿತು. ಅಲ್ಲಿಯೂ ಬಲಕ್ಕೇ ಸುತ್ತಿತು. ಹೊರಗಿನಿಂದ ಒಳಕ್ಕೆ ಸುತ್ತು ಸುತ್ತಾಗಿ ಕಲ್ಲು ತಳ್ಳುತ್ತಾ, ನೆಲ ಬಗೆಯುತ್ತಾ ಹೋಯಿತು. ನಟ್ಟನಡುವೆ ತಲುಪಿದಾಗ ಏನೋ ಲಟಕ್ಕೆಂದು ಮುರಿದು ನಿಂತಿತು. ಮತ್ತೆ ಅಲುಗಲಿಲ್ಲ. ಆದರೇನು, ಕೆಲಸ ಆಗಿತ್ತು! ನಮ್ಮ ಸೀಮೆಯಲ್ಲೇ ಇಲ್ಲದ ದುಂಡನೆಯ ಹೊಲ ತಯಾರಾಗಿತ್ತು. ಚಿಕ್ಕಪ್ಪ ಸಾಲನ್ನೂ ಉಂಗುರ ಉಂಗುರವಾಗಿಯೇ ಹಿಡಿದು ಹಿಪ್ಪುನೇರಳೆ ಕಡ್ಡಿ ನೆಟ್ಟರು. ಅಳತೆಗೆ ಬಂದ ಸರ್ವೇಯರು ಸರಪಳಿ ಹಿಡಿದುಕೊಂಡು ಸುತ್ತಲೂ ಒಂದು ಸಲ ನಡೆದು, "ಇದಕ್ಕೆ ಮೂಲೆನೇ ಇಲ್ವಲ್ರೀ, ಎಲ್ಲಿಂದ ಶುರು ಮಾಡ್ಲಿ?" ಅಂತ ತಲೆ ಮೇಲೆ ಕೈ ಹೊತ್ತು ಕೂತರು. ಚಿಕ್ಕಮ್ಮ ಅವರಿಗೆ ಮಜ್ಜಿಗೆ ಕೊಟ್ಟು ಕಳಿಸಿದರು.

ಮಾರನೆಯ ವರ್ಷ ಗಿಡ ಎದ್ದಿತು. ಚಿಕ್ಕಮ್ಮ ತಟ್ಟೆಗಳನ್ನು ಅಟ್ಟದಿಂದ ಇಳಿಸಿದರು, ಹೊಸ ಹುಳ ಬಂತು. ಮೊದಲ ಸೊಪ್ಪು ಕೊಯ್ಯುವ ದಿನ ನಾವಿಬ್ಬರೂ ತೋಟಕ್ಕೆ ಹೋದೆವು. ಕೊಯ್ದದ್ದನ್ನು ಗಂಟು ಕಟ್ಟಿದೆವು. ಎಳೆ ಹುಳಕ್ಕೆ ಎಷ್ಟು ಬೇಕು, ಹೂವಿನಂಥ ಸಣ್ಣ ಗಂಟು. ಚಿಕ್ಕಮ್ಮ ಯಾವಾಗಿನಂತೆ ಹಳೇ ಸೀರೆಯ ತುಂಡನ್ನು ಸಿಂಬೆ ಸುತ್ತಿ ತಲೆಗಿಟ್ಟುಕೊಂಡರು, ಸೆರಗು ಸೊಂಟಕ್ಕೆ ಸಿಕ್ಕಿಸಿದರು. ನಾನು ಗಂಟು ಎತ್ತಿಕೊಟ್ಟೆ. ಅವರು ಉಸಿರು ಬಿಗಿಹಿಡಿದು, ಏರು ಹತ್ತುವವರ ಹಾಗೆ ಬಗ್ಗಿ ಹೊರಟರು. ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ಹಿತ್ತಿಲ ಬಾಗಿಲು ಎದುರಾಯಿತು.

ಅವರು ಅಲ್ಲೇ ನಿಂತುಬಿಟ್ಟರು. ಒಳಗೆ ಹೋಗಲಿಲ್ಲ, ಗಂಟೂ ಇಳಿಸಲಿಲ್ಲ. ಕಣ್ಣಿಂದ ನೀರು ಧಾರಾಕಾರ ಇಳಿಯುತ್ತಿತ್ತು.

ಚಿಕ್ಕಪ್ಪ ಗಾಬರಿಯಾಗಿ ಓಡಿಬಂದರು. "ಯಾಕಮ್ಮಿ? ಕತ್ತು ನೋವಾಯ್ತಾ?"

"ಇಲ್ಲ ಕಣಿ. ಆಗ್ಲೇ ಮನೆ ಬಂದ್ಬುಡ್ತು" ಅಂದರು ಚಿಕ್ಕಮ್ಮ.

ಚಿಕ್ಕಪ್ಪ ಎರಡೂ ಕೈಯಿಂದ ಗಂಟನ್ನು ಇಳಿಸಿದರು, ಸಿಂಬೆಯನ್ನೂ ತೆಗೆದರು. ವರ್ಷಗಟ್ಟಲೆ ಹೊರೆ ಹೊತ್ತು ಚಿಕ್ಕಮ್ಮನ ನಡುನೆತ್ತಿಯ ಕೂದಲು ಉದುರಿ ಒಂದು ರೂಪಾಯಿಯಗಲ ಬೋಳಾಗಿತ್ತು. ಅದನ್ನು ಚಿಕ್ಕಪ್ಪ ಆವತ್ತೇ ಮೊದಲು ನೋಡಿದರೋ ಏನೋ. ನೋಡುತ್ತಾ ನಿಂತರು. ಆಮೇಲೆ ಅದರ ಮೇಲೆ ಅಂಗೈ ಇಟ್ಟರು. ನನಗೂ ದುಃಖ ಉಕ್ಕಿ ಬಂತು, ಮುಖ ಆ ಕಡೆ ತಿರುಗಿಸಿದೆ.

"ತಡ ಮಾಡ್ಬುಟ್ಟೆ ಕಣಮ್ಮಿ" ಅಂದರು ಚಿಕ್ಕಪ್ಪ.