ಕಾಂಚನಾ ಆಂಟಿಯ ಮೂರು ನಿಯಮಗಳು

ಶ್ರೀಮತಿ ಕಾಂಚನಾ ಮಾನಪ್ಪ ಹೊಸಮನಿ, ವಯಸ್ಸು ಐವತ್ತೇಳು, ಹುಟ್ಟಿದ್ದು ರಾಯಚೂರು ಸೀಮೆಯಲ್ಲಿ, ವಾಸ ಡೊಂಬಿವಲಿ ಪೂರ್ವದಲ್ಲಿ, ಪತಿ ಮಾನಪ್ಪ, ಕಾರ್ಖಾನೆಯ ನಿವೃತ್ತ ಫಿಟ್ಟರ್, ಸಭೆಯ ಡೋಲಕ್ ವಾದಕ, ಒಬ್ಬಳೇ ಮಗಳು ನಿಕಿತಾ, ಇಪ್ಪತ್ಮೂರು ವರ್ಷ, ಕನ್ನಡದಲ್ಲಿ ಬೈದರೆ ಹಿಂದಿಯಲ್ಲಿ ಉತ್ತರ ಕೊಡುವವಳು. ಇಷ್ಟನ್ನು ಓದಿ ಇದು ಮರಣವಾರ್ತೆಯೆಂದು ಯಾರೂ ನಿಟ್ಟುಸಿರು ಬಿಡುವ ಅಗತ್ಯವಿಲ್ಲ. ಕಾಂಚನಾ ಆಂಟಿ ಗುಂಡುಕಲ್ಲಿನಂತಿದ್ದಾರೆ. ಕಳೆದ ಡಿಸೆಂಬರಿನ ಮೂರನೆಯ ಭಾನುವಾರ ಕಲ್ಯಾಣ, ಠಾಣೆ, ರಬಾಳೆ, ವಾಶಿಗಳ ನಡುವೆ ತೀರಿಕೊಂಡದ್ದು ಅವರ ಮೂರು ನಿಯಮಗಳು.

ಡೊಂಬಿವಲಿಯ ಕನ್ನಡ ಕ್ರೈಸ್ತ ಸಭೆಯ ಯುವಜನ ಸಖ್ಯಕ್ಕೆ ಆಂಟಿ ಹನ್ನೊಂದು ವರ್ಷಗಳಿಂದ ಸಲಹೆಗಾರ್ತಿ. ಸಲಹೆ ಎಂಬುದು ಹುದ್ದೆಯ ಹೆಸರು; ಅವರು ಕೊಡುತ್ತಿದ್ದದ್ದು ಆಜ್ಞೆ. ಹಗಲೆಲ್ಲ ಮಾತ್ರೆ ಪ್ಯಾಕ್ ಮಾಡುವ ಕಾರ್ಖಾನೆಯಲ್ಲಿ ದುಡಿದು, ಇಪ್ಪತ್ತೇಳನೆಯ ವಯಸ್ಸಿನಲ್ಲಿ ಕನ್ನಡ ರಾತ್ರಿಶಾಲೆಯಿಂದ ಹತ್ತನೆಯ ತರಗತಿ ಪಾಸಾದ ಹೆಂಗಸು ಅವರು. ಆದ್ದರಿಂದ ಅವರ ಕನ್ನಡ ಪಠ್ಯಪುಸ್ತಕದಿಂದ ಈಗ ತಾನೇ ಎದ್ದುಬಂದಂತಿರುತ್ತದೆ. ಕೋಪವು ಹದದಲ್ಲಿರುವವರೆಗೆ ಗ್ರಂಥಭಾಷೆ. ಹದ ಮೀರಿತೆಂದರೆ ನೇರ ರಾಯಚೂರು!

ಆ ರಾತ್ರಿಶಾಲೆಯ ಶ್ರೀಲಕ್ಷ್ಮಿ ಟೀಚರ್ ಈಗ ಎಂಬತ್ತೆರಡರ ಹರೆಯದಲ್ಲಿ ವಾಶಿಯಲ್ಲಿದ್ದರು. ಡಿಸೆಂಬರಿನ ಮೊದಲ ವಾರ ಅವರೇ ಫೋನು ಮಾಡಿದರು. "ಕಾಂಚನಾ, ಹದಿನೇಳಕ್ಕೆ ನಾನು ಉಡುಪಿಗೆ ಹೋಗ್ತೇನೆ, ಮಗಳ ಹತ್ತಿರ. ಇನ್ನು ಈ ಕಡೆ ಬರ್ಲಿಕ್ಕಿಲ್ಲ. ಅವತ್ತೇ ಅಲ್ವಾ ನಿನ್ನ ಮಕ್ಕಳ ಕ್ಯಾರಲ್? ಹೋಗುವ ಮೊದಲು ಅವರ ಬಾಯಲ್ಲಿ ಎರಡು ಕನ್ನಡ ಹಾಡು ಕೇಳಿಸ್ತೀಯಾ? ಪನ್ವೇಲ್ ಸ್ಟೇಷನ್ನಿಗೆ ಹೋಗ್ಲಿಕ್ಕೆ ಐದಕ್ಕೆ ಮನೆಗೆ ಕಾರು ಬರ್ತದೆ."

"ಸರಿಯಾಗಿ ನಾಲ್ಕು ಗಂಟೆಗೆ ಟೀಚರ್! ಸ್ವಚ್ಛ ಕನ್ನಡ! ಒಂದು ಹಿಂದಿ ಪದ ನುಸುಳಿದರೆ ನನ್ನ ಹೆಸರು ಕಾಂಚನಾ ಅಲ್ಲ! ಮುಂದೆ ನಿಂತು ನಾನೇ ಹಾಡಿಸುತ್ತೇನೆ!"

ಮಾತು ಕೊಟ್ಟಾಯಿತು. ತಾನು ಕಲಿತದ್ದು ವ್ಯರ್ಥವಾಗಲಿಲ್ಲವೆಂದು ಗುರುವಿಗೆ ತೋರಿಸಲು ಇದೊಂದೇ ಅವಕಾಶ, ಅದೂ ಒಂದೇ ಗಂಟೆ. ಆದರೆ ತೋರಿಸಬೇಕಾದದ್ದು ಯಾರನ್ನು? ಹದಿನೆಂಟು ತರುಣ ತರುಣಿಯರನ್ನು! ಹೋದ ವರ್ಷ ಮನೆಮನೆಗೆ ಕ್ರಿಸ್ಮಸ್ ಹಾಡು ಹಾಡುವ ಕ್ಯಾರಲ್ ಸುತ್ತಿಗೆ ಹೋಗಿ ರಿಕ್ಷಾದಲ್ಲಿ ಗಿಟಾರ್ ಬಿಟ್ಟವರು, ಮನೆಮನೆಯಲ್ಲಿ ತಿಂದು ತೇಗಿ ಕೊನೆಯ ಮನೆಗೆ ಎರಡು ತಾಸು ತಡವಾಗಿ ತಲುಪಿದವರು. ಅವರಲ್ಲೊಬ್ಬ, ಹಿತೇಶ್ ಎಂಬ ಮಹಾಶಯ, ಒಂದೇ ಬೂಟಿನಲ್ಲಿ ಮನೆಗೆ ಮರಳಿದ್ದ!

ಆಂಟಿ ಸಭೆಯ ಹಾಲ್‌ನಲ್ಲಿ ಎದ್ದುನಿಂತು ಘೋಷಿಸಿದರು.

"ನಿಯಮ ಒಂದು: ಹೇಳಿದ ನಿಮಿಷಕ್ಕೆ ಹೊರಡುವುದು. ಹಿಂದೆ ಉಳಿದವರನ್ನು ಬಿಟ್ಟೇ ಹೋಗುವುದು. ನಾನೇ ಹಿಂದೆ ಉಳಿದರೂ ನನ್ನನ್ನು ಬಿಟ್ಟೇ ಹೋಗತಕ್ಕದ್ದು! ನಿಯಮ ಎರಡು: ಯಾರ ಮನೆಯಲ್ಲಿಯೂ ಏನನ್ನೂ ತಿನ್ನಕೂಡದು. ನಿಯಮ ಮೂರು: ಯಾರೂ ಎಲ್ಲಿಯೂ ಏನನ್ನೂ ಬಿಟ್ಟುಬರಕೂಡದು."

ಸಖ್ಯದ ಕಾರ್ಯದರ್ಶಿ ಸಮಿತ್, ಗಿಟಾರ್ ಕಳೆದವನು ಇವನೇ, ಕೈ ಎತ್ತಿದ. "ಆಂಟಿ, ನೀರು ಕುಡಿಯೋದು ಅಲೌಡ್ ಹೈ ಕ್ಯಾ?"

"ಕನ್ನಡದಲ್ಲಿ ಕೇಳು!"

"ನೀರು... ಚಲೇಗಾ?"

ಭಾನುವಾರ ಬೆಳಿಗ್ಗೆ ಮನೆ ಬಿಡುವಾಗ ಮಾನಪ್ಪ ಡೋಲಕ್ ಹೆಗಲಿಗೇರಿಸಿಕೊಂಡು ಕೇಳಿದರು. "ಎಲ್ಲಾ ತಗೊಂಡಿಯೇನು? ಕನ್ನಡಕ, ಫೋನು?"

"ನನ್ನನ್ನು ಕೇಳುತ್ತೀರಾ? ಹುಟ್ಟಿದಂದಿನಿಂದ ನಾನು ಕಳೆದುಕೊಂಡದ್ದು ಒಂದೇ ವಸ್ತು. ಅದನ್ನೂ ನಾನು ಕಳೆಯಲಿಲ್ಲ, ಕದ್ದರು! ಯಾರು ಕದ್ದರೆಂದು ಮತ್ತೆ ಹೇಳಬೇಕೇ?"

ಮಾನಪ್ಪ ತಲೆ ತಗ್ಗಿಸಿ ಡೋಲಕ್ಕಿನ ಪಟ್ಟಿ ಬಿಗಿದರು. ಅದು ಮೂವತ್ತು ವರ್ಷದ ಹಳೆಯ ಮೊಕದ್ದಮೆ. ರಾತ್ರಿಶಾಲೆಯಲ್ಲಿ ಕಾಂಚನಾಳ ಕಪ್ಪು ಛತ್ರಿ, ಕೆಂಪು ಗಿಳಿಮೂತಿಯ ಹಿಡಿಯದ್ದು, ಮೊದಲ ಸಂಬಳದಲ್ಲಿ ಕೊಂಡದ್ದು, ಒಂದು ಸಂಜೆ ಮಾಯವಾಯಿತು. ಹಿಂದಿನ ಬೆಂಚಿನಲ್ಲಿ ಕೂಡುತ್ತಿದ್ದವರು ಮಾನಪ್ಪ. ಸಾಕ್ಷ್ಯ ಇನ್ನೇನು ಬೇಕು? "ಕಳ್ಳನ ಮೇಲೆ ಕಣ್ಣಿಟ್ಟಿರಬೇಕೆಂದೇ ಮದುವೆಯಾದೆ" ಎಂದು ಆಂಟಿ ಇಂದಿಗೂ ಹೇಳುತ್ತಾರೆ.

ಆರಾಧನೆ ಮುಗಿದೊಡನೆ ದಂಡು ಹೊರಟಿತು. ಮೊದಲು ಕಲ್ಯಾಣ. ಅಲ್ಲಿ ಉಡುಪಿ ಕಡೆಯ ಉಮಾವತಿಬಾಯಿಯ ಮನೆ. ಒಂದು ಹಾಡು, ಒಂದು ಪ್ರಾರ್ಥನೆ, ಏಳು ನಿಮಿಷ. ಹೊರಡಬೇಕೆನ್ನುವಾಗ ಉಮಾವತಿಬಾಯಿ ಬಾಗಿಲಿಗೆ ಅಡ್ಡ ನಿಂತರು. ಕೈಯಲ್ಲಿ ಬಿಸಿ ಗೋಳಿಬಜೆಯ ಪರಾತ!

"ತಿನ್ನದೆ ಹೋಗ್ಲಿಕ್ಕುಂಟಾ? ಕ್ರಿಸ್ಮಸ್ ಮಾರಾಯ್ತಿ!"

"ಕ್ಷಮಿಸಬೇಕು. ಮಕ್ಕಳಿಗೆ ನಿಯಮವಿದೆ."

"ಮಕ್ಕಳಿಗೆ ನಿಯಮ, ಸರಿ. ನಿಮಗೆಂತ ರೋಗ? ಅವರ ಪಾಲನ್ನು ನೀವು ತಿನ್ನಿ!"

ಆಂಟಿಗೆ ಮೂಗಿನ ತುದಿಯಲ್ಲಿ ಕೋಪ. ಆದರೆ ಕ್ರಿಸ್ಮಸ್ಸಿನ ತಟ್ಟೆಯನ್ನು ತಳ್ಳಿ ಬಂದ ಹೆಂಗಸೆಂಬ ಹೆಸರು ಸಭೆಯಲ್ಲಿ ಒಮ್ಮೆ ಹಬ್ಬಿತೆಂದರೆ ಈಸ್ಟರ್‌ವರೆಗೆ ತೊಳೆದರೂ ಹೋಗದು. ಹದಿನೆಂಟು ಜೊತೆ ಹಸಿದ ಕಣ್ಣುಗಳ ಎದುರಿನಲ್ಲಿ ಅವರು ಹನ್ನೊಂದು ಗೋಳಿಬಜೆಗಳನ್ನು ಶಿಲುಬೆ ಹೊರುವವರಂತೆ ತಿಂದರು. ಹಿಂದಿನಿಂದ ಸಮಿತ್ ಕಿಸಕ್ಕೆಂದ. ಅವನನ್ನು ದುರುಗುಟ್ಟಿ ನೋಡಲೆಂದು ಎಣ್ಣೆ ಹತ್ತಿ ಮಸುಕಾಗಿದ್ದ ಕನ್ನಡಕವನ್ನು ತೆಗೆದು ಟೀಪಾಯಿಯ ಮೇಲಿಟ್ಟರು. ದುರುಗುಟ್ಟಿದ್ದಾಯಿತು. ಕನ್ನಡಕ ಅಲ್ಲೇ ಉಳಿಯಿತು.

ಎರಡನೆಯದು ಠಾಣೆಯ ವರ್ತಕ ನಗರ, ಸಭೆಯ ಹಿರಿಯರಾದ ಮಹಾದೇವಪ್ಪನವರ ಮನೆ. ಅಲ್ಲಿ ಜೋಳದ ರೊಟ್ಟಿ, ಎಣ್ಣೆಗಾಯಿ, ಮಟನ್ ಸಾರು. "ಮಕ್ಕಳು ಬ್ಯಾಡಂದ್ರ ಬಿಡ್ರಿ. ಮುಖ್ಯಸ್ಥರು ನೀವು ಕುಂದ್ರ‍್ರಿ. ಇಪ್ಪತ್ತು ಮಂದಿಗೆ ಮಾಡೇವಿ, ಚೆಲ್ಲಾಕ ಆಗ್ತೈತೇನು?" ಎಂದರು ಮಹಾದೇವಪ್ಪ. ಕೈಗೆ ತಟ್ಟೆ ಬಂದಾಗ ಕೈಯಲ್ಲಿದ್ದ ಹಾಡಿನ ಕಡತ ಫ್ರಿಡ್ಜಿನ ಮೇಲೆ ಹೋಯಿತು. ಅದೆಂಥ ಕಡತ! ರೋಮನ್ ಲಿಪಿಯಲ್ಲಿ ಕನ್ನಡ ಹಾಡುವುದು ಪಾಪವೆಂದು, ಹದಿನೆಂಟು ಪ್ರತಿಗಳನ್ನು ಆಂಟಿ ತಮ್ಮ ದುಂಡು ಕನ್ನಡ ಅಕ್ಷರದಲ್ಲಿ ಕೈಯಾರೆ ಬರೆದದ್ದು! ಮಾನಪ್ಪ ಮೆಲ್ಲಗೆ ಬಳಿಗೆ ಬಂದರು.

"ಸಾಕು ಮಾಡ. ಹೊಟ್ಟಿ ಐತೋ, ಗೋದಾಮು ಐತೋ?"

"ನೀವು ಡೋಲಕ್ ಕಡೆ ಗಮನ ಕೊಡಿ!"

ಮೂರನೆಯದು ರಬಾಳೆಯ ಚಾಳಿನಲ್ಲಿ ದ್ರೌಪದಿಯ ಒಂದು ಕೋಣೆಯ ಮನೆ. ಗಂಡ ಲೋಡಿಂಗ್ ಕೆಲಸದವನು. ಒಳಗೆ ಎಂಟು ಜನ, ಓಣಿಯಲ್ಲಿ ಉಳಿದವರು ನಿಂತು ಹಾಡಿದರು. ದ್ರೌಪದಿ ಪಾತೇಲಿ ತುಂಬ ಗೋಧಿ ಹುಗ್ಗಿ ಮಾಡಿ ಕಾದಿದ್ದಳು. ಆಂಟಿ ಎರಡೂ ಕೈ ಜೋಡಿಸಿದರು. ನಿಜವಾಗಿಯೂ ಇನ್ನು ಒಂದು ಅಗುಳಿಗೂ ಸ್ಥಳವಿರಲಿಲ್ಲ.

ದ್ರೌಪದಿಯ ಮುಖ ಸಣ್ಣದಾಯಿತು. "ಹಿರಿಯರ ಮನಿಯಾಗ ಉಂಡು ಬಂದೀರಂತ. ನಮ್ಮಂಥವರ ಮನಿಯಾಗ ಮಾತ್ರ ನಿಯಮ ಐತೇನ್ರಿ ಅಕ್ಕಾ?"

ಕಾಂಚನಾ ಆಂಟಿಯೂ ಒಂದು ಕಾಲದಲ್ಲಿ ಇಂಥದೇ ಕೋಣೆಯ ಬಾಗಿಲಲ್ಲಿ ನಿಂತು ಬಂದವರ ಮುಖ ನೋಡಿದವರು. ಕುಳಿತರು. ಮೂರು ಬಟ್ಟಲು ಹುಗ್ಗಿ, ಮೇಲೆ ತುಪ್ಪ.

ಮೂರು ಗಂಟೆಗೆ ಗೋಳಿಬಜೆ, ಮಟನ್ ಸಾರು ಮತ್ತು ಹುಗ್ಗಿಗಳ ನಡುವೆ ಮಹಾಯುದ್ಧ ಆರಂಭವಾಯಿತು. ಫೋನನ್ನು ದ್ರೌಪದಿಯ ಗೋಡೆಗೂಡಿನಲ್ಲಿಟ್ಟು, ಕಾಲಿಗೆ ಸಿಕ್ಕ ಅವಳ ನೀಲಿ ಹವಾಯಿ ಚಪ್ಪಲಿ ಮೆಟ್ಟಿ, ಯಾರಿಗೂ ಹೇಳದೆ ಆಂಟಿ ಓಣಿಯ ತುದಿಗೆ ನಡೆದರು. ನಡೆದರೆನ್ನುವುದು ಗೌರವದ ಮಾತು. ಚಾಳಿಗೆಲ್ಲ ಸೇರಿ ನಾಲ್ಕು ಕಕ್ಕಸು, ಭಾನುವಾರ, ಎದುರಿಗೆ ಒಂಬತ್ತು ಜನರ ಕ್ಯೂ! ಹನ್ನೊಂದು ವರ್ಷ ಯುವಜನರಿಗೆ ತಾಳ್ಮೆಯನ್ನು ಬೋಧಿಸಿದವರಿಗೆ ಅಂದು ಮೊದಲ ಬಾರಿಗೆ ಆ ಪದದ ಪೂರ್ಣಾರ್ಥ ತಿಳಿಯಿತು.

ಮರಳಿದಾಗ ಮೂರು ಮೂವತ್ತೈದು. ಓಣಿ ಖಾಲಿ.

"ಎಲ್ಲಿ ಹೋದರು?"

"ಮೂರು ಇಪ್ಪತ್ತಕ್ಕ ಹೋದ್ರಲ್ರೀ ಅಕ್ಕಾ! ಆ ಹುಡುಗ ಗಡಿಯಾರ ನೋಡಿ, 'ರೂಲ್ ನಂಬರ್ ಒನ್' ಅಂದ. ಎಲ್ಲಾರೂ ಸಾಲಾಗಿ ಹೋದ್ರು. ಡಬ್ಬಿಯೊಳಗ ಹುಗ್ಗಿ ಕಟ್ಟಿ ಕೊಟ್ಟೆ. ಮನಿಯಾಗ ತಿನ್ನಂಗಿಲ್ಲ, ಟೇಶನ್‌ದಾಗ ತಿಂತೀವಿ ಅಂದ್ರು."

"ನನ್ನ ಗಂಡ?"

"ಅವರೂ ಹೋದ್ರಿ. 'ಆಕಿ ಮಾತು ಮೀರೋ ಧೈರ್ಯ ನನಗಿಲ್ಲವ್ವಾ' ಅಂದ್ರು."

ಹನ್ನೊಂದು ವರ್ಷಗಳಲ್ಲಿ ಒಂದು ಮಾತನ್ನೂ ಕೇಳದ ಹದಿನೆಂಟು ಜನ ಮೊತ್ತಮೊದಲಿಗೆ ಕೇಳಿದ್ದು ಇದನ್ನು! ಗ್ರಂಥಭಾಷೆ ಆ ಕ್ಷಣವೇ ಅಸ್ತಂಗತವಾಯಿತು. "ಬರ್ರಿ ಮನಿಗೆ! ಒಬ್ಬೊಬ್ಬರ ಸೊಕ್ಕು ಇಳಸ್ತೀನಿ! ಮದ್ಲು ಆ ಛತ್ರಿಗಳ್ಳಂದು!" ಎನ್ನುತ್ತ ಆಂಟಿ ಸ್ಟೇಷನ್ನಿನ ಕಡೆ ಧಾವಿಸಿದರು. ಕೋಪದಲ್ಲಿ ಗೂಡಿನ ಫೋನೂ ನೆನಪಾಗಲಿಲ್ಲ, ತಮ್ಮ ಚಪ್ಪಲಿಯೂ ನೆನಪಾಗಲಿಲ್ಲ.

ಪ್ಲಾಟ್‌ಫಾರ್ಮಿನಲ್ಲಿ ಇಂಡಿಕೇಟರ್ ಕೆಂಪು ಮಂಜಿನಂತೆ ಕಂಡಿತು. ಕನ್ನಡಕಕ್ಕೆ ಕೈ ಹಾಕಿದರು. ಮೂಗು ಮಾತ್ರ ಸಿಕ್ಕಿತು. ಈ ಗಾಡಿ ಎಲ್ಲಿಗೆಂದು ಪಕ್ಕದ ಹುಡುಗಿಯನ್ನು ಕೇಳಬಹುದಿತ್ತು. ಆದರೆ ಓದು ಬಾರದ ಕಾಲದಲ್ಲಿ ಇದೇ ಪ್ರಶ್ನೆಯನ್ನು ಊರಿಗೆಲ್ಲ ಕೇಳಿ ಕೇಳಿ ಸೋತು, ಇನ್ನೆಂದೂ ಕೇಳೆನೆಂದು ಶಪಥ ಮಾಡಿ ಶಾಲೆ ಸೇರಿದವರು ಅವರು. ಕೇಳಲಿಲ್ಲ. ಗಾಡಿ ಬಂತು, ಹತ್ತಿದರು. ತುರ್ಭೆ ದಾಟಿದ ಮೇಲೆ ಸಾನ್ಪಾಡಾ ಬರಬೇಕಿದ್ದಲ್ಲಿ ಜುಯಿನಗರ ಬಂತು. ಅದು ವಾಶಿ ಗಾಡಿಯಲ್ಲ, ಪನ್ವೇಲ್ ಗಾಡಿ!

"ಅರೇ ಮಾವಶಿ, ಉಲಟ ಆಲಾತ ತುಮ್ಹೀ!" ಎಂದು, ದಿಕ್ಕು ತಪ್ಪಿ ಬಂದವರಿಗಾಗಿ ಮೀನಿನ ಬುಟ್ಟಿಯ ಹೆಂಗಸೊಬ್ಬಳು ಮರಾಠಿಯಲ್ಲಿ ಮರುಗಿದಳು. ಆಂಟಿ ಇಳಿದರು. ಎದುರಿನ ಗಾಡಿ ಇಪ್ಪತ್ತು ನಿಮಿಷ ಬರಲಿಲ್ಲ. ಸಮಿತ್‌ನನ್ನು, ಸಖ್ಯವನ್ನು, ಮಧ್ಯ ರೈಲ್ವೆಯನ್ನು, ಗೋಧಿಯನ್ನು, ಸಮಸ್ತ ಗಂಡಂದಿರನ್ನು ಮನಸ್ಸಿನಲ್ಲೇ ಬೈದು ಮುಗಿಸಿದರೂ ಬರಲಿಲ್ಲ.

ವಾಶಿಯ ಮನೆಯ ಮೂರನೆಯ ಮಹಡಿಗೆ ಅವರು ಏರಿದಾಗ ನಾಲ್ಕು ಐವತ್ತು. ಒಳಗಿನಿಂದ ಹಾಡು ಕೇಳುತ್ತಿತ್ತು. ಬಾಗಿಲ ಸಂದಿಯಲ್ಲಿ ಕಣ್ಣು ಕಿರಿದಾಗಿಸಿ ನೋಡಿದರು. ಹದಿನೆಂಟು ಜನರೂ ಮೊಬೈಲ್ ಹಿಡಿದು ಹಾಡುತ್ತಿದ್ದರು, ಓದುತ್ತಿರುವುದು ರೋಮನ್ ಲಿಪಿಯೆಂದು ಕಿವಿಗೇ ತಿಳಿಯುತ್ತಿತ್ತು! 'ಹುಟ್ಟಿದ' ಎಂಬುದು 'ಹುತಿದಾ' ಆಗಿತ್ತು. ಪದ ತಪ್ಪಿದಲ್ಲಿ ನಿಕಿತಾ "ಲಾ ಲಾ" ಎಂದು ತುಂಬುತ್ತಿದ್ದಳು. ಮಾನಪ್ಪನವರ ಡೋಲಕ್ಕಿಗೆ ಟೀಚರ್ ಗಾಲಿಕುರ್ಚಿಯ ತೋಳಿನ ಮೇಲೆ ತಾಳ ಹಾಕುತ್ತಿದ್ದರು. ಗಲ್ಲದ ಮೇಲೆ ಕಣ್ಣೀರು, ತುಟಿಯ ಮೇಲೆ ಹುಗ್ಗಿ.

ಆಂಟಿ ಬಾಗಿಲು ತಳ್ಳಿದರು. ಹಾಡು ಗಕ್ಕನೆ ನಿಂತಿತು.

"ಟೀಚರ್, ಇದು ಕನ್ನಡವಲ್ಲ! ಇವರು ನನ್ನ ಮಾನವನ್ನು ಹರಾಜು—"

"ಇವತ್ತೂ ಲೇಟಾ, ಕಾಂಚನಾ?" ಎಂದರು ಟೀಚರ್.

ಹದಿನೆಂಟು ತಲೆಗಳು ಒಟ್ಟಿಗೆ ತಿರುಗಿದವು. "ಇವತ್ತೂ?" ಎಂದ ಸಮಿತ್, ಶುದ್ಧ ಕನ್ನಡದಲ್ಲಿ.

"ಹೌದು ಮಗಾ. ಕೆಲಸ ಬಿಟ್ಟು ಓಡಿ ಬರ್ತಿದ್ದಳು ಪಾಪ, ಒಂದು ದಿನ ಸಮಯಕ್ಕೆ ಬಂದದ್ದಿಲ್ಲ. ಅವಳು ಬರುವವರೆಗೆ ನಾನು ಹಾಜರಿ ಕರೀತಿರ್ಲಿಲ್ಲ. ಹೀಗೇ ಓದ್ತಿದ್ದಳು ಮೊದಲು, ನಿಮ್ಮ ಹಾಗೆಯೇ, ಅಲ್ಲಲ್ಲಿ ಲಾ ಲಾ ಹಾಕಿ." ಟೀಚರ್ ಸೊಸೆಯತ್ತ ತಿರುಗಿದರು. "ಅದನ್ನು ತಾ. ಮನೆ ಖಾಲಿ ಮಾಡುವಾಗ ಶಾಲೆಯ ಹಳೇ ಟ್ರಂಕಿನಲ್ಲಿ ಸಿಕ್ಕಿತು. ಪರೀಕ್ಷೆಯ ಮುಂಚಿನ ದಿನ ಬೆಂಚಿನ ಮೇಲೆ ಬಿಟ್ಟು ಹೋಗಿದ್ದಿ. ಮರುದಿನ 'ಏನಾದ್ರೂ ಮರ್ತಿದ್ದೀಯಾ?' ಅಂತ ಕೇಳಿದೆ. 'ಕಾಂಚನಾ ಯಾವತ್ತೂ ಏನನ್ನೂ ಮರೆಯುವುದಿಲ್ಲ ಟೀಚರ್!' ಅಂತ ಗದರಿದಿ. ಹೆದರಿ ಟ್ರಂಕಿನಲ್ಲೇ ಇಟ್ಟುಬಿಟ್ಟೆ ಮಾರಾಯ್ತಿ."

ಸೊಸೆ ತಂದದ್ದು ಕಪ್ಪು ಛತ್ರಿ. ಕೆಂಪು ಗಿಳಿಮೂತಿಯ ಹಿಡಿ.

ಡೋಲಕ್ಕಿನ ಮೇಲೆ ಒಂದೇ ಒಂದು ಪೆಟ್ಟು ಬಿತ್ತು. ಢಂ! ಮಾನಪ್ಪ ಮೂವತ್ತು ವರ್ಷಗಳಲ್ಲಿ ಮೊದಲ ಬಾರಿಗೆ ಪೂರ್ತಿ ತಲೆಯೆತ್ತಿ ಹೆಂಡತಿಯನ್ನು ನೋಡಿದರು. "ಕೊಡವ್ವಾ ಇತ್ತ. ಕದ್ದ ಮಾಲು, ನಾನೇ ಹೊರತೀನಿ."

ಆಂಟಿ ಟೀಚರರ ಪಾದ ಮುಟ್ಟಿದರು. ಕೊನೆಯ ಹಾಡನ್ನು ತಾವೇ ಎತ್ತಿಕೊಟ್ಟರು. ಪದ ತಪ್ಪಿ ಎರಡು ಕಡೆ ಅವರೂ "ಲಾ ಲಾ" ಎಂದರು. ಐದಕ್ಕೆ ಕಾರು ಬಂತು, ಟೀಚರ್ ಕೈಬೀಸಿ ಹೋದರು. ಆಮೇಲೆ ವಾಶಿ ಸ್ಟೇಷನ್ನಿನಲ್ಲಿ ಯಾರೋ ಹಿಂದಿನಿಂದ ಕಿಸಕ್ಕೆಂದರು. ಆಂಟಿ ಹಿಂದೆ ನೋಡದೆ, ಎದುರಿಗೆ ನಿಂತಿದ್ದ ಠಾಣೆ ಗಾಡಿಯ ಹೆಂಗಸರ ಬೋಗಿಗೆ ಮಗಳ ರಟ್ಟೆ ಹಿಡಿದು ನುಗ್ಗಿದರು. ಗಾಡಿ ಹೊರಟಿತು. ಐರೋಲಿ ದಾಟುವಾಗ ನಿಕಿತಾಳ ಫೋನು ಟಿಂಗೆಂದಿತು. ಕಾರ್ಯದರ್ಶಿ ಸಮಿತ್ ಸಖ್ಯದ ಗುಂಪಿಗೆ ವರದಿ ಕಳಿಸಿದ್ದ. ನಿಕಿತಾ ಓದಿದಳು, ನಗು ತಡೆದುಕೊಂಡು, ಹುಟ್ಟಿದಂದಿನಿಂದ ಓದದಷ್ಟು ಸ್ಪಷ್ಟವಾದ ಕನ್ನಡದಲ್ಲಿ:

"ನಿಯಮ ಮೂರರ ಪ್ರಕಾರ, ಈ ವರ್ಷದ ಕ್ಯಾರಲ್‌ನಲ್ಲಿ ಬಿಟ್ಟುಹೋದ ವಸ್ತುಗಳು. ಎಲ್ಲದರ ಮಾಲೀಕರು: ಕಾಂಚನಾ ಆಂಟಿ.

ಕಲ್ಯಾಣ, ಟೀಪಾಯಿ ಮೇಲೆ: ಕನ್ನಡಕ, ಎಣ್ಣೆ ಸಮೇತ.
ವರ್ತಕ ನಗರ, ಫ್ರಿಡ್ಜ್ ಮೇಲೆ: ಹಾಡಿನ ಕಡತ, ಹದಿನೆಂಟು ಪ್ರತಿ.
ರಬಾಳೆ: ಫೋನ್ ಒಂದು, ಚಪ್ಪಲಿ ಒಂದು ಜೊತೆ. ದ್ರೌಪದಿ ಆಂಟಿ ತಮ್ಮ ನೀಲಿ ಹವಾಯಿ ವಾಪಸ್ ಕೇಳುತ್ತಿದ್ದಾರೆ.
ರಾತ್ರಿಶಾಲೆ, ಮೂವತ್ತು ವರ್ಷದ ಹಿಂದೆ: ಛತ್ರಿ ಒಂದು. ಸಿಕ್ಕಿದೆ.
ವಾಶಿ ಸ್ಟೇಷನ್, ಈಗಷ್ಟೇ: ಗಂಡ ಒಬ್ಬರು, ಡೋಲಕ್ ಸಮೇತ. ಮಳೆಯಿಲ್ಲದಿದ್ದರೂ ಪ್ಲಾಟ್‌ಫಾರ್ಮಿನಲ್ಲಿ ಛತ್ರಿ ಬಿಚ್ಚಿ ಹಿಡಿದು ನಿಂತಿದ್ದಾರೆ. ಮಾಲೀಕರು ತಪ್ಪೊಪ್ಪಿಗೆ ಪತ್ರ ಕೊಟ್ಟು ಬಿಡಿಸಿಕೊಳ್ಳಬೇಕಂತೆ."