ಸೊನ್ನೆಯ ಜಾಗದಲ್ಲಿ ಮಾವ

ಸಲೂನಿನವನಿಗೆ ಹೆಂಡತಿಯ ಮೇಲೆ ಇದ್ದದ್ದು ಒಂದೇ ದೂರು: ಅವಳು ಪಾಠ ಶುರು ಮಾಡಿದರೆ ಅವನಿಗೆ ಎಚ್ಚರದಲ್ಲೇ ಕನಸು ಬೀಳುತ್ತಿತ್ತು. ಹೊಸಬರಿಗೆ ಪ್ರೋಗ್ರಾಮಿಂಗ್ ಕಲಿಸುವುದು ಅವಳ ಕೆಲಸ. ಗಂಡನಿಗೆ ಅಡುಗೆಮನೆಯ ಮೇಜೇ ತರಗತಿ.

"ಪಟ್ಟಿಯಲ್ಲಿರೋರನ್ನ ಒಬ್ಬೊಬ್ಬರಾಗಿ ಮುಟ್ಟಿ ಬರೋದೇ ಇಟರೇಶನ್. ಇಟರೇಟರ್ ಅನ್ನೋ ಆಬ್ಜೆಕ್ಟು ಎಲ್ಲಿಗೆ ಬಂದಿದ್ದೀನಿ ಅಂತ ತಾನೇ ನೆನಪಿಟ್ಟುಕೊಳ್ಳುತ್ತೆ. ನೀವು ಕೇಳೋದು ಎರಡೇ. ಇನ್ನೂ ಯಾರಾದ್ರೂ ಇದ್ದಾರಾ? ಇದ್ರೆ, ಮುಂದಿನವರನ್ನ ಕೊಡು. ಆದ್ರೆ ಸುತ್ತು ನಡೀತಿರುವಾಗ ನೀವಾಗಿ ಯಾರನ್ನೂ ಪಟ್ಟಿಯಿಂದ ಎಬ್ಬಿಸಬೇಡಿ. ರೀ, ಕೇಳಿಸ್ತಿದ್ಯಾ?"

"ಹೂಂ," ಎಂದ. (ಕಿಟಕಿಯಾಚೆ ತೇಲುತ್ತಿದ್ದ ಮೋಡಗಳಿಗೆ ಮನಸ್ಸಿನಲ್ಲೇ ಕ್ರಾಪು ಹೊಡೆಯುತ್ತಿದ್ದ.)

ಮರುದಿನ ಅವನೇ ಬರೆದ ಪ್ರೋಗ್ರಾಮು ಸಲೂನಿನ ಗೋಡೆಯ ಫಲಕದಲ್ಲಿ ಬೆಳಗಿತು. ಬೆಂಚಿನಲ್ಲಿ ಸೊನ್ನೆಯಿಂದ ನಾಲ್ಕರವರೆಗೆ ಐದು ಜಾಗ. ಫಲಕ ಒಂದು ಜಾಗದವರನ್ನು ಕರೆದು, ಪಟ್ಟಿಯಿಂದ ತೆಗೆದು, ಮುಂದಿನ ಅಂಕಿಗೆ ಹೋಗುತ್ತಿತ್ತು. ಒಬ್ಬರು ಎದ್ದರೆ ಉಳಿದವರು ಒಂದೊಂದು ಜಾಗ ಜರುಗುವುದು ಬೆಂಚಿನ ಹಳೆಯ ರೂಢಿ. ಪಟ್ಟಿಯೂ ಹಾಗೇ ಜರುಗುತ್ತಿತ್ತು.

ಎರಡನೆಯವರಾಗಿ ಬಂದು ಕೂತವರು ಮಾವ, ನಿವೃತ್ತ ಹೆಡ್‌ಮಾಸ್ತರರು. ಸಂಜೆ ನಾಲ್ಕಕ್ಕೆ ಅವರ ಸಂಘದ ಗುಂಪು ಫೋಟೋ. ಅಳಿಯ ಯಾವ ಕೆಲಸವನ್ನೂ ನೆಟ್ಟಗೆ ಮಾಡಿದವನಲ್ಲ ಎಂದು ಹತ್ತು ವರ್ಷಗಳಿಂದ ಹೇಳುತ್ತ ಬಂದ ಬಾಯಿಂದ ಒಂದು 'ಭೇಷ್' ಗಿಟ್ಟಿಸಲು ಇದಕ್ಕಿಂತ ಒಳ್ಳೆಯ ದಿನ ಯಾವುದು?

"ಇನ್ನು ಇಲ್ಲಿ ದಾಕ್ಷಿಣ್ಯಕ್ಕೆ ಜಾಗ ಇಲ್ಲ ಮಾವ. ಫಲಕ ಕರೆದವರಿಗೇ ಕುರ್ಚಿ."

"ಒಳ್ಳೇದು. ಕರೀಲಿ, ಬರ್ತೀನಿ."

ಫಲಕ ಸೊನ್ನೆಯನ್ನು ಕರೆಯಿತು. ಬೇಕರಿಯವನು ಎದ್ದ. ಮಾವ ಸೊನ್ನೆಗೆ ಜರುಗಿದರು. ಫಲಕ ಒಂದನ್ನು ಕರೆಯಿತು. ಅಲ್ಲಿಗೆ ಜರುಗಿದ್ದ ಬಡಗಿ ಎದ್ದು ಬಂದ. ಆಮೇಲೆ ಎರಡನ್ನು ಕರೆಯಿತು; ಚಾಲಕ ಬಂದ. ಮಧ್ಯಾಹ್ನದ ಬಿಸಿಲು ಕನ್ನಡಿಯಿಂದ ಕನ್ನಡಿಗೆ ಈಜುತ್ತಿತ್ತು. ಕತ್ತರಿ ತಾನಾಗಿಯೇ ಹಾಡುತ್ತಿತ್ತು. ಅರೆಗಣ್ಣಿನಲ್ಲಿದ್ದ ಸಲೂನಿನವನಿಗೆ ಅದು ಕೇಳಿಸಿದ್ದು ಹೀಗೆ: ಭೇಷ್, ಭೇಷ್.

'ಎಲ್ಲರೂ ಮುಗಿದರು' ಎಂದಿತು ಫಲಕ.

ಸಲೂನಿನವನು ಹೆಮ್ಮೆಯಿಂದ ತಿರುಗಿದ. ಬೆಂಚಿನ ಮೇಲೆ ಇಬ್ಬರಿದ್ದರು. ಗಡಿಯಾರದಲ್ಲಿ ನಾಲ್ಕೂವರೆ.

"ಅಳಿಯನ ಅಂಗಡಿಯಲ್ಲಿ ನನ್ನ ಬೆಲೆ ಸೊನ್ನೆ ಅಂತ ಗೊತ್ತಿತ್ತು," ಎಂದರು ಮಾವ. "ಅಂಕಿಯನ್ನೇ ಹಾಕಿ ಕೂರಿಸ್ತೀಯ ಅಂತ ಗೊತ್ತಿರಲಿಲ್ಲ."

"ಅಯ್ಯೋ ಮಾವ, ನಿಮ್ಮ ಫೋಟೋ!"

"ಫೋಟೋ ತೆಗೆಯೋರು ಇವರೇ," ಎಂದು ಮಾವ ಪಕ್ಕದವರನ್ನು ತೋರಿಸಿದರು. "ಇವರ ಸರದಿಯೂ ಬರಲಿಲ್ಲ. ಸಂಘದವರೆಲ್ಲ ಅಲ್ಲಿ ನಗುಮುಖ ಹಿಡಿದುಕೊಂಡೇ ನಿಂತಿದ್ದಾರಂತೆ."

ಅಷ್ಟರಲ್ಲಿ ಹೆಂಡತಿ ಬಂದಳು. ಪ್ರೋಗ್ರಾಮು ನೋಡಿ ಹಣೆ ಚಚ್ಚಿಕೊಂಡಳು. "ಸುತ್ತಿನ ಮಧ್ಯೆ ಎಬ್ಬಿಸಬೇಡಿ ಅಂದಿದ್ದೆ! ಒಬ್ಬರು ಎದ್ದಾಗ ಪಕ್ಕದವರು ಅದೇ ಜಾಗಕ್ಕೆ ಬರ್ತಾರೆ. ನೀವು ಆಗಲೇ ಮುಂದಿನ ಅಂಕಿಗೆ ಹಾರಿರ್ತೀರ."

ಮಾವ ಬೆಂಚನ್ನು ದಿಟ್ಟಿಸಿದರು. "ಹಾಗಾದ್ರೆ ಕೊನೆ ಜಾಗದಿಂದ ಹಿಂದಕ್ಕೆ ಎಣಿಸಿದ್ರೆ? ಜರುಗೋರೇ ಇರಲ್ವಲ್ಲ. ತಡವಾದ್ರೂ ಎಲ್ಲರ ಸರದಿಯೂ ಬರುತ್ತೆ."

ಹೆಂಡತಿಯ ಮುಖ ಅರಳಿತು. "ಅಪ್ಪಾ! ನನ್ನ ಇಡೀ ತರಗತಿಯಲ್ಲಿ ಇದು ಯಾರಿಗೂ ಹೊಳೆದಿರಲಿಲ್ಲ."

ಅವಳು ಸ್ಟೂಲು ಎಳೆದುಕೊಂಡು ಕೂತಳು. ಮಾವ ಕುರ್ಚಿ ಏರಿದರು. ಅಪ್ಪ-ಮಗಳ ನಡುವೆ ಪಾಠ ಹರಿಯತೊಡಗಿತು. ಸಲೂನಿನವನಿಗೆ ಮೊದಲ ಸಲ ನಿಜವಾಗಿಯೂ ಕಲಿಯುವ ಆಸೆ ಹುಟ್ಟಿತು. ಮೆಲ್ಲಗೆ ಬಗ್ಗಿ ಕಿವಿಗೊಟ್ಟ.

ಮಾವ ಬೆರಳೆತ್ತಿದರು.

"ಅಳಿಯಂದಿರೇ, ಆ ಕತ್ತರಿ ಸದ್ದು ಸ್ವಲ್ಪ ಕಡಿಮೆ ಮಾಡಿ. ಕಲಿಯೋರಿಗೆ ತೊಂದರೆ ಆಗುತ್ತೆ."