ಕಾಲೇಜು ನೋಡುವ ಶಾಸ್ತ್ರ

ಕೂತ ಜಾಗದಲ್ಲೇ ‘ಹೂಂ’ ಅನ್ನಬಾರದು ಎಂಬುದು ನಮ್ಮ ಮನೆತನದ ನಿಯಮ. ಈ ನಿಯಮ ಯಾರು ಮಾಡಿದರೋ ಗೊತ್ತಿಲ್ಲ. ಮಾಡಿದವರನ್ನು ಕೇಳಿದ್ದರೆ ಅವರೂ ಯೋಚನೆ ಮಾಡಿ ಹೇಳುತ್ತೇವೆ ಎನ್ನುತ್ತಿದ್ದರೇನೋ. ಹೆಣ್ಣು ನೋಡಲು ಹೋದರಂತೂ ಕೇಳುವುದೇ ಬೇಡ. ಹುಡುಗಿ ಮನಸ್ಸಿಗೆ ಬಂದಿರಲಿ ಬಿಡಲಿ, ಉಪ್ಪಿಟ್ಟು ತಿಂದು, ಚಹಾ ಕುಡಿದು, ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತ ‘ಊರಿಗೆ ಹೋಗಿ ತಿಳಿಸ್ತೀವ್ರಿ’ ಎಂದು ಹೇಳಿಯೇ ಹೊರಡಬೇಕು. ಅಲ್ಲೇ ಒಪ್ಪಿಬಿಟ್ಟರೆ ಗಂಡಿಗೆ ಏನೋ ಐಬಿದೆ ಎಂದು ತಿಳಿಯುತ್ತಾರಂತೆ. ನಾನು ಹೈದರಾಬಾದಿಗೆ ಬಂದು ಇಪ್ಪತ್ತು ವರ್ಷ ಮೇಲಾಗಿತ್ತು. ಕಚೇರಿಯಲ್ಲಿ ತೆಲುಗು, ಬಸ್ಸಿನಲ್ಲಿ ಹಿಂದಿ, ಮನೆಯಲ್ಲಿ ಕನ್ನಡ ಎಂದು ಮೂರು ಭಾಷೆಯಲ್ಲಿ ಸಂಸಾರ ಮಾಡುತ್ತಿದ್ದೆ. ಆದರೆ ಮೂರರಲ್ಲಿ ಒಂದರಲ್ಲೂ ತಟ್ಟನೆ ‘ಹೂಂ’ ಎಂದವನಲ್ಲ. ಇರಾನಿ ಹೋಟೆಲಿನವನು ‘ಚಾಯ್?’ ಎಂದು ಕೇಳಿದರೂ ಒಂದು ಗಳಿಗೆ ಗೋಡೆ ನೋಡುತ್ತಿದ್ದೆ.

ಇಂಥ ನನ್ನನ್ನು ನನ್ನ ಮಗಳು ವೀಣಾ ಒಂದು ಬೇಸಿಗೆಯಲ್ಲಿ ಪೇಚಿಗೆ ಸಿಕ್ಕಿಸಿದಳು. ಇಂಟರ್, ಅಂದರೆ ನಮ್ಮ ಕಡೆಯ ಪಿ.ಯು.ಸಿ., ಪರೀಕ್ಷೆಯಲ್ಲಿ ಒಳ್ಳೆಯ ಅಂಕ ತೆಗೆದಿದ್ದಳು. ಫಲಿತಾಂಶ ಬಂದ ದಿನ ಊಟಕ್ಕೆ ಕೂತಾಗ, ‘ಅಪ್ಪಾ, ನಾ ಬಿ.ಎ. ಹಿಸ್ಟರಿ ಓದಾಕಿ’ ಎಂದಳು. ಆಗ ಹೈದರಾಬಾದು ಊರಾಗಿ ಉಳಿದಿರಲಿಲ್ಲ, ಒಂದು ದೊಡ್ಡ ಕಂಪ್ಯೂಟರ್ ಕ್ಲಾಸೇ ಆಗಿತ್ತು. ಮೆಹದಿಪಟ್ಟಣಂನ ನಮ್ಮ ಕಾಲೊನಿಯಲ್ಲಿ ಹಿಟ್ಟಿನ ಗಿರಣಿಯವರು ಕೂಡ ಮಹಡಿಯ ಮೇಲೆ ನಾಲ್ಕು ಕಂಪ್ಯೂಟರ್ ಇಟ್ಟು ಬೋರ್ಡು ತೂಗುಹಾಕಿದ್ದರು. ಅಲ್ಲಿ ಕಲಿಯುವವರನ್ನು ತಲೆಯ ಮೇಲಿನ ಹಿಟ್ಟಿನಿಂದ ಗುರುತಿಸಬಹುದಿತ್ತು. ಮಗಳು ಹಿಸ್ಟರಿ ಓದುತ್ತಾಳಂತೆ ಎಂದರೆ ಕನ್ನಡ ಬಳಗದವರು ದನಿ ತಗ್ಗಿಸಿ, ‘ಯಾಕ್ರೀ, ಮಾರ್ಕ್ಸ್ ಕಡಿಮಿ ಬಿದ್ದಾವೇನು?’ ಎಂದು ಕೇಳುತ್ತಿದ್ದರು. ಇಲ್ಲ, ಹೆಚ್ಚೇ ಬಿದ್ದಿವೆ ಎಂದರೆ ಇನ್ನಷ್ಟು ಗಾಬರಿಯಾಗುತ್ತಿದ್ದರು. ನಾನು ಹೊರಗೆ ಉದಾರಿಯಂತೆ ನಕ್ಕು ‘ಅಕಿ ಇಷ್ಟರಿ’ ಎನ್ನುತ್ತಿದ್ದೆ. ಮನೆಗೆ ಬಂದು ಅವಳ ಅಂಕಪಟ್ಟಿಯನ್ನು ಇನ್ನೊಮ್ಮೆ ಕೂಡಿ ನೋಡುತ್ತಿದ್ದೆ. ಕೊನೆಗೆ ಮಗಳಿಗೆ, ‘ಓದು, ಬ್ಯಾಡ ಅನ್ನೂದಿಲ್ಲ. ಆದ್ರ ಕಾಲೇಜು ನಾ ಆರಸ್ತೀನಿ’ ಎಂದೆ. ‘ಲಗೂನ ಆರಸ್ರಿ’ ಎಂದಳು. ನನ್ನ ಹೆಂಡತಿ ಸುಮಿತ್ರಾ ಅಡಿಗೆಮನೆಯಲ್ಲಿದ್ದಳು. ಒಳಗಿನಿಂದ ರೊಟ್ಟಿ ಬಡಿಯುವ ಸದ್ದು ಮಾತ್ರ ಸ್ವಲ್ಪ ಜೋರಾಯಿತು.

ಆರಿಸುವ ಕೆಲಸಕ್ಕೆ ಭೀಮಣ್ಣ ಕಾಕಾನನ್ನು ಕರೆದುಕೊಂಡೆ. ಈತ ನನ್ನ ಅಪ್ಪನ ತಮ್ಮ, ನಿವೃತ್ತನಾಗಿ ಕಾಚಿಗುಡಾದಲ್ಲಿದ್ದ. ನಮ್ಮ ಬಳಗದ ಯಾವ ಸಂಬಂಧ ಕುದುರಬೇಕಾದರೂ ಮೊದಲು ಆತನೇ ಹೋಗಿ ನೋಡಿ ಬರಬೇಕು. ಕಾಲೇಜಿಗೂ ಆತ ಅದೇ ಕರಿ ಟೋಪಿ, ಅದೇ ಜರಿ ಅಂಚಿನ ಶಲ್ಯದಲ್ಲಿ ಹೊರಟ. ವೀಣಾಳನ್ನೂ ಕರೆದುಕೊಂಡು ಮೊದಲು ನೋಡಿದ್ದು ಅಬಿಡ್ಸ್ ಹತ್ತಿರದ ಒಂದು ಹಳೆಯ ಕಾಲೇಜು. ಕಚೇರಿಯಲ್ಲಿ ಹಿಸ್ಟರಿ ಎಂದ ಕೂಡಲೇ ಗುಮಾಸ್ತರು ಎದ್ದು ನಿಂತರು. ಎರಡು ವರ್ಷದಿಂದ ಆ ವಿಷಯ ಕೇಳಿಕೊಂಡು ಬಂದವರು ಬಹಳ ಕಡಿಮೆಯಂತೆ. ಇತಿಹಾಸದ ಮೇಷ್ಟ್ರು ಓಡಿ ಬಂದರು, ಕುರ್ಚಿ ಒರೆಸಿದರು, ಚಹಾ ಬಿಸ್ಕಿಟು ತರಿಸಿದರು. ಅವರದು ಹಿಂದಿ, ಕಾಕಾನದು ದಖನಿ ಉರ್ದು. ಕಾಕಾ ಚಹಾ ಹೀರುತ್ತ, ನಿಮ್ಮ ಮೂಲ ಊರು ಯಾವುದು, ಅಣ್ಣ ತಮ್ಮಂದಿರು ಎಷ್ಟು ಜನ, ಮೊದಲು ಎಲ್ಲಿದ್ದಿರಿ, ಅಲ್ಲಿಂದ ಯಾಕೆ ಬಿಟ್ಟಿರಿ ಎಂದು ಒಂದೊಂದಾಗಿ ಕೇಳಿದ. ಪಾಪ, ಅವರು ಎಲ್ಲದಕ್ಕೂ ಉತ್ತರ ಕೊಟ್ಟರು. ಆಮೇಲೆ ಕಾಕಾ ನನ್ನನ್ನು ಕರೆದುಕೊಂಡು ಗೋಡೆಯ ಬಿರುಕು ನೋಡಲು ಹೋದ. ನಾವು ತಿರುಗಿ ಬರುವ ಹೊತ್ತಿಗೆ ಗೋಲ್ಕೊಂಡಾ ಕೋಟೆಯ ನೆತ್ತಿಗೆ ನೀರು ಏರಿಸುತ್ತಿದ್ದ ಬಗೆಯನ್ನು ಮೇಷ್ಟ್ರು ಹಳೆಯ ಪೇಪರಿನ ಅಂಚಿನಲ್ಲಿ ಬರೆದು ತೋರಿಸುತ್ತಿದ್ದರು. ವೀಣಾ ತನ್ನ ಚಹಾ ಮುಟ್ಟಿಯೇ ಇರಲಿಲ್ಲ. ‘ಅಪ್ಪಾ, ಇದ ಕಾಲೇಜು’ ಎಂದು ನನ್ನ ತೋಳು ಜಗ್ಗಿದಳು. ಕಾಕಾ ಕಣ್ಣು ಬಿಟ್ಟು ಅವಳನ್ನು ಸುಮ್ಮನಾಗಿಸಿ, ಮೇಷ್ಟ್ರಿಗೆ ಕೈ ಮುಗಿದು, ಮನೆಗೆ ಹೋಗಿ ತಿಳಿಸುತ್ತೇವೆ ಎಂದ. ಅವರು ಗೇಟಿನವರೆಗೂ ಬಂದರು. ನಮ್ಮ ಬಸ್ಸು ಹೊರಟರೂ ಅಲ್ಲೇ ನಿಂತಿದ್ದರು.

ಒಂದೇ ಕಡೆ ನೋಡಿ ನಿಲ್ಲುವುದು ಮರ್ಯಾದಸ್ಥರ ಲಕ್ಷಣವಲ್ಲವಲ್ಲ, ಹಾಗಾಗಿ ದಿಲ್‌ಸುಖ್‌ನಗರಕ್ಕೂ ಹೋದೆವು. ಅದು ಕೋಚಿಂಗ್ ಸೆಂಟರಿನ ಮೇಲಿನ ಮೂರನೆಯ ಮಹಡಿಯ ಕಾಲೇಜು. ಅಲ್ಲಿನ ಪ್ರಿನ್ಸಿಪಾಲರು, ಹಿಸ್ಟರಿ ಯಾಕೆ ತಗೋತೀರಿ, ಇಷ್ಟವಿದ್ದರೆ ಕಂಪ್ಯೂಟರ್ ಹಿಸ್ಟರಿ ಎಂದು ಒಂದು ಪಾಠ ಇದೆ ಎಂದರು. ಕಾಕಾನಿಗೆ ಆ ಕಾಲೇಜಿನ ಲಿಫ್ಟು ಬಹಳ ಹಿಡಿಸಿತು. ಎರಡು ಸಲ ಹತ್ತಿ ಇಳಿದ. ಮೂರನೆಯದು ನಮ್ಮ ಮನೆಯ ಹತ್ತಿರದ್ದೇ. ಅಲ್ಲಿ ಇತಿಹಾಸ ಹೇಳುವವರೇ ಅರ್ಥಶಾಸ್ತ್ರವನ್ನೂ ಹೇಳಿ, ಸಂಜೆ ಹುಡುಗರಿಗೆ ವಾಲಿಬಾಲನ್ನೂ ಆಡಿಸುತ್ತಿದ್ದರು. ಎಲ್ಲ ಕಡೆ ಚಹಾ ಕುಡಿದೆವು, ಎಲ್ಲ ಕಡೆ ತಿಳಿಸುತ್ತೇವೆ ಎಂದೆವು. ವೀಣಾ ದಿನಾ ಬೆಳಿಗ್ಗೆ, ‘ತಿಳಿಸಿದ್ರೇನು ಅಪ್ಪಾ?’ ಎಂದು ಕೇಳುತ್ತಿದ್ದಳು. ‘ನಾವಾಗೇ ಹೋದ್ರ ಹಗರ ಆಕ್ಕೀವಿ. ಅವರ ಫೋನ್ ಮಾಡ್ತಾರ, ತಡಿ’ ಎಂದು ಕಾಕಾ ಕಾಚಿಗುಡಾದಿಂದಲೇ ನನ್ನ ಕೈ ಕಟ್ಟಿದ್ದ. ಮೂರು ವಾರ ಕಳೆಯಿತು. ಮಗಳು ಕೇಳುವುದನ್ನು ಬಿಟ್ಟಳು. ನಾನು ಅದನ್ನು ಅವಳ ತಾಳ್ಮೆ ಎಂದು ತಿಳಿದು ಹೆಮ್ಮೆಪಟ್ಟೆ.

ಒಂದು ಗುರುವಾರ ಸಂಜೆ ಫೋನು ಬಂದೇ ಬಂತು. ಅಬಿಡ್ಸ್‌ನ ಮೇಷ್ಟ್ರು. ತರಗತಿ ನಡೆಯಬೇಕಾದರೆ ಹತ್ತು ಜನ ಬೇಕು, ಈವರೆಗೆ ಒಂಬತ್ತು ಜನ ಸೇರಿದ್ದಾರೆ, ಶನಿವಾರದೊಳಗೆ ಹತ್ತನೆಯವರು ಬರದಿದ್ದರೆ ಈ ವರ್ಷ ಹಿಸ್ಟರಿಯನ್ನೇ ಮುಚ್ಚುತ್ತಾರೆ, ನಿಮ್ಮ ಮಗಳು ಬರುತ್ತಾಳಲ್ಲವೇ ಎಂದು ಕೇಳಿದರು. ನಾನು ಪದ್ಧತಿಯಂತೆ ಯೋಚಿಸಿ ಹೇಳುತ್ತೇನೆ ಎಂದೆ. ಕಾಕಾನಿಗೆ ಹೇಳಿದರೆ, ‘ನೋಡಿದಿ? ಅವರ ಬಂದ್ರು! ಈಗ ಒಪ್ಪೂಣು. ಆದ್ರ ಶನಿವಾರ ಅಮಾವಾಸಿ ಐತಿ. ಒಳ್ಳೇ ಮಾತು ಹೇಳಾಕ ಅಮಾವಾಸಿ ದಿನ ಯಾರರ ಹೋಗ್ತಾರೇನು? ಸೋಮವಾರ ಹೋಗೂಣು’ ಎಂದ. ಶುಕ್ರವಾರ ಹೋಗಬಹುದಿತ್ತಲ್ಲ ಎಂದು ನೀವು ಕೇಳಬಹುದು. ಶುಕ್ರವಾರ ಕಾಕಾನಿಗೆ ಹಲ್ಲು ಕೀಳಿಸುವುದಿತ್ತು. ಮುಚ್ಚುತ್ತಾರೆಂಬುದನ್ನು ನಾನೂ ನಂಬಲಿಲ್ಲ; ಹೆಣ್ಣಿನ ಕಡೆಯವರು ಅವಸರಪಡಿಸಲು ಹೀಗೆಲ್ಲ ಹೇಳುವುದುಂಟು.

ಸೋಮವಾರ ಧಾರವಾಡ ಪೇಡೆಯ ಡಬ್ಬಿಯೊಂದಿಗೆ ಕಾಕಾ, ನಾನು ಅಬಿಡ್ಸ್‌ಗೆ ಹೋದೆವು. ವೀಣಾ ಬೆಳಿಗ್ಗೆಯೇ ಗೆಳತಿಯ ಮನೆಗೆಂದು ಹೋಗಿದ್ದಳು. ನಾವು ಒಪ್ಪಿದ್ದೇವೆ ಎಂದು ಕಾಕಾ ಗಂಭೀರವಾಗಿ ಘೋಷಿಸಿದ. ಮೇಷ್ಟ್ರು ಗೊಂದಲದಿಂದ, ‘ಅಡ್ಮಿಷನ್ ಶನಿವಾರವೇ ಮುಗಿಯಿತಲ್ಲ’ ಎಂದರು. ಮೂರು ವಾರ ಕೇಳಿ ಕೇಳಿ ಸುಮ್ಮನಾದ ಮಗಳ ಮುಖ ಕಣ್ಣ ಮುಂದೆ ಬಂತು. ಕೈಯಲ್ಲಿದ್ದ ಪೇಡೆ ಡಬ್ಬಿ ಎಲ್ಲಿಡಬೇಕೋ ತಿಳಿಯಲಿಲ್ಲ. ಅವರು ರಿಜಿಸ್ಟರ್ ತೆಗೆದು ತೋರಿಸಿದರು. ಹತ್ತನೆಯ ಹೆಸರು ವೀಣಾಳದು. ಪಾಲಕರ ಸಹಿಯ ಜಾಗದಲ್ಲಿ ದುಂಡಗಿನ ಕನ್ನಡ ಅಕ್ಷರಗಳಲ್ಲಿ ‘ಸುಮಿತ್ರಾ’ ಎಂದಿತ್ತು. ‘ಕ್ಲಾಸಿನಲ್ಲಿದ್ದಾಳೆ, ಕರೆಯಲೇ?’ ಎಂದರು ಮೇಷ್ಟ್ರು. ಬೇಡ ಎಂದೆ. ಬಹುಶಃ ಜೀವನದಲ್ಲಿ ಮೊದಲ ಸಲ ನಾನು ತಡಮಾಡದೆ ಕೊಟ್ಟ ಉತ್ತರ ಅದು.

ಮನೆಗೆ ಬಂದು, ‘ಅಮಾವಾಸಿ ದಿನಾ ಹೋಗಿದ್ದೇನು?’ ಎಂದು ಕೇಳಿದೆ. ಕೇಳಲು ಬೇರೇನೂ ತೋಚಲಿಲ್ಲ. ಸುಮಿತ್ರಾ ಸೊಪ್ಪು ಸೋಸುತ್ತ ಕೂತಿದ್ದಳು. ‘ಹೂಂ, ಅಮಾವಾಸಿ ದಿನಾನ ಹೋದ್ವಿ’ ಎಂದಳು. ‘ನನ್ನ ನೋಡಾಕ ಬಂದಾಗೂ ನೀವು, ನಿಮ್ಮ ಕಾಕಾ ತಿಳಿಸ್ತೀವಿ ಅಂತ ಹೇಳಿ ಹ್ವಾದ್ರಿ. ಮೂರು ತಿಂಗಳು ಸುದ್ದಿಲ್ಲ. ಓಣ್ಯಾಗ ಪೋಸ್ಟಿನಂವ ಬಂದ್ರ ನಾ ಒಳಗ ಹೋಗಿ ನಿಂದರ್ತಿದ್ದೆ. ಅಪ್ಪ ಸರಿ ಉಣ್ತಿದ್ದಿಲ್ಲ. ನನ್ನ ಮಗಳು ಹಂಗ ನಿಂದರೂದು ಬ್ಯಾಡ ಅನಸ್ತು. ಹೋಗಿ ಸಹಿ ಹಾಕಿ ಬಂದೆ, ಅಷ್ಟ.’ ನನಗೆ ನಿಜವಾಗಿ ನಾಚಿಕೆಯಾಯಿತು. ಆ ಮೂರು ತಿಂಗಳನ್ನು ಆಕೆಯೂ ಕಳೆದಿದ್ದಳೆಂಬುದು ಇಷ್ಟು ವರ್ಷ ನನಗೆ ಹೊಳೆದೇ ಇರಲಿಲ್ಲ. ಸೊಪ್ಪು ಸೋಸಲು ಆಕೆಯ ಪಕ್ಕ ಕೂತೆ. ನಾನು ಸೋಸಿದ್ದನ್ನು ಆಕೆ ಇನ್ನೊಮ್ಮೆ ಸೋಸಿದಳು.

ಎರಡು ತಿಂಗಳಾದ ಮೇಲೆ ಮೇಷ್ಟ್ರು, ಮನೆಯ ಹಿರಿಯರನ್ನು ಕೇಳಿ ನಿಮ್ಮ ಕುಟುಂಬದ ಒಂದು ಘಟನೆಯ ಇತಿಹಾಸ ಬರೆದು ತನ್ನಿ ಎಂದು ಮಕ್ಕಳಿಗೆ ಹೇಳಿದರು. ವೀಣಾ ನೋಟುಬುಕ್ಕು ಹಿಡಿದು ನನ್ನೆದುರು ಕೂತಳು. ‘ಅಪ್ಪಾ, ಅವ್ವನ್ನ ನೋಡಿ ಬಂದ ಮ್ಯಾಲೆ ಆ ಮೂರು ತಿಂಗಳು ನೀವು ಏನ್ ಮಾಡಾಕತ್ತಿದ್ರಿ?’ ಎಂದಳು. ಕಚೇರಿಯಲ್ಲಿ ಕೆಲಸ ಬಹಳ ಇತ್ತು ಎಂದೆ. ಅವಳು ಅದನ್ನು ಬರೆದುಕೊಂಡು, ಪೆನ್ನು ಎತ್ತಿ, ‘ಇದಕ್ಕ ಆಧಾರ ಏನೈತ್ರಿ?’ ಎಂದು ಕೇಳಿದಳು. ನಾನು ಕೆಮ್ಮುತ್ತಿರುವಾಗಲೇ ಅಡಿಗೆಮನೆಯಿಂದ ಸುಮಿತ್ರಾಳ ದನಿ ಬಂತು: ‘ಗುಲ್ಬರ್ಗಾದಾಗ ಎರಡು ಮನಿ, ರಾಯಚೂರಾಗ ಒಂದು. ಹುಡುಗ್ಯಾರ ಹೆಸರೂ ಹೇಳ್ತೀನಿ, ಒಳಗ ಬಾರವಾ.’ ವೀಣಾ ಪುಟ ತಿರುವಿಕೊಂಡು ಒಳಗೆ ಹೋದಳು. ಬಾಗಿಲು ಮುಚ್ಚಿತು, ನಗು ಕೇಳಿಸತೊಡಗಿತು. ಇವಳಿಗೆ ಕಂಪ್ಯೂಟರ್ ಓದಿಸಬೇಕಾಗಿತ್ತು ಎಂದು ನನಗೆ ಮನಸಾರೆ ಅನ್ನಿಸಿದ್ದು ಆವತ್ತೊಂದೇ ದಿನ.